ಬರ್ಮಿಂಗ್‌ಹ್ಯಾಮ್ ಬೆರಳು, ಶಿಡ್ಲಘಟ್ಟದ ಬೆರಳು

ಹೆವಿ ಮೆಟಲ್ ಅಂದ್ರೆ ಬ್ರಿಗೇಡ್ ರೋಡಿನ ಕಾನ್ವೆಂಟ್ ಹುಡುಗರ ಸಂಗೀತ, ಹಳ್ಳಿಯಿಂದ ಬಂದವನಿಗೆ ಅದೆಲ್ಲಿ ಹತ್ತುತ್ತೆ ಅನ್ನೋ ಮಾತನ್ನ ಈಗಲೂ ಆಫೀಸಿನ ಕ್ಯಾಂಟೀನಿನಲ್ಲಿ ಕೇಳ್ತೀನಿ. ನಾನು ಶಿಡ್ಲಘಟ್ಟದ ಕಡೆಯವನು. ಈ ಸಂಗೀತ ಹುಟ್ಟಿದ ಊರಿಗೆ ಬ್ರಿಗೇಡ್ ರೋಡಿಗಿಂತ ನಮ್ಮೂರೇ ಹತ್ತಿರ ಅನ್ನೋದು ನನ್ನ ವಾದ.

ಆ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಬರೀ ಕಾರ್ಖಾನೆ, ಹೊಗೆ. ಅಲ್ಲಿ ಟೋನಿ ಅಯೋಮಿ ಅನ್ನೋ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ವಯಸ್ಸು 17. ಕೆಲಸ ಬಿಡಬೇಕಿದ್ದ ಕಡೇ ದಿನವೇ ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಗೈಯಲ್ಲಿ ಗಿಟಾರ್ ಮೀಟುವವನು, ಹಾಗಾಗಿ ತಂತಿ ಒತ್ತಬೇಕಿದ್ದ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ, ಗಿಟಾರಿಗೆ ತೆಳು ತಂತಿ ಹಾಕಿದ. 1970ರ ಫೆಬ್ರವರಿಯಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿನಲ್ಲಿ ನುಡಿಸಿದ್ದು ಆ ಬೆರಳುಗಳೇ. ರೆಕಾರ್ಡಿಂಗ್ ಹೆಚ್ಚುಕಮ್ಮಿ ಒಂದೇ ದಿನದ ಕೆಲಸ.

ಎಲ್ಲರೂ 'ಪ್ಯಾರನಾಯ್ಡ್' ಹೊಗಳ್ತಾರೆ. ನನ್ನ ಪ್ರಕಾರ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಅದಕ್ಕಿಂತ ದೊಡ್ಡದು. ಅದರ ಕೆಲವು ಹಾಡುಗಳಿಗೆ ತಂತಿ ಸಡಿಲಿಸಿ ಒಂದೂವರೆ ಸ್ವರ ಕೆಳಗಿಳಿಸಿದ್ದಾರೆ. ಸಡಿಲ ತಂತಿ ಗಾಯದ ಬೆರಳಿಗೂ ಸಲೀಸು, ಸದ್ದೂ ಭಾರ. ಇವತ್ತಿಗೂ ಬ್ಯಾಂಡುಗಳು ಬೇಕಂತಲೇ ಹಾಗೆ ಸಡಿಲಿಸ್ತವೆ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರ ಕೈ ನೋಡಿದ್ದೀರಾ? ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದ ಗೂಡುಗಳಿಂದ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಬಿರಿದಿರುತ್ತೆ. ಪಕ್ಕದಲ್ಲಿ ಸತ್ತ ಹುಳದ ನಾತ, ಬೆಳಗ್ಗೆಯಿಂದ ಒಂದೇ ಲಯದಲ್ಲಿ ಚರಕದ ಸದ್ದು. ಅದನ್ನ ಕೇಳ್ತಾ ಬೆಳೆದ ಕಿವಿಗೆ ಅಯೋಮಿಯ ರಿಫ್ ಅರ್ಥ ಮಾಡಿಸೋಕೆ ಇಂಗ್ಲಿಷ್ ಬೇಕಾಗಲ್ಲ. ಹಾಸ್ಟೆಲಿನಲ್ಲಿ ಯಾರೋ ಕೊಟ್ಟ ಎಂಪಿ3 ಸೀಡಿಯಲ್ಲಿ ಮೊದಲ ಸಲ ಕೇಳಿದಾಗ ಸಾಹಿತ್ಯ ಒಂದಕ್ಷರ ತಿಳಿದಿರಲಿಲ್ಲ. ಸದ್ದು ಮಾತ್ರ ಪರಿಚಿತ ಅನ್ನಿಸ್ತು.

ಅದೇ ಬರ್ಮಿಂಗ್‌ಹ್ಯಾಮ್ ಕಡೆಯ ಜೂಡಸ್ ಪ್ರೀಸ್ಟ್, 1980ರ 'ಬ್ರಿಟಿಷ್ ಸ್ಟೀಲ್' ಆಲ್ಬಮ್ಮಿನಲ್ಲಿ ಯಂತ್ರಗಳ ಹೆಜ್ಜೆ ಸದ್ದಿಗಾಗಿ ಚಮಚ-ಫೋರ್ಕು ತುಂಬಿದ ಟ್ರೇ ಅಲ್ಲಾಡಿಸಿದ್ರು! ಇವತ್ತಿನ ಯಾವ ಸಾಫ್ಟ್‌ವೇರ್ ಪ್ಲಗಿನ್ನೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ಪಂಕ್‌ನಲ್ಲಿ ನನ್ನ ಓಟು ನ್ಯೂಯಾರ್ಕಿನ ರಮೋನ್ಸ್‌ಗೆ, ಸೆಕ್ಸ್ ಪಿಸ್ಟಲ್ಸ್‌ಗಲ್ಲ. 1976ರ ಮೊದಲ ಆಲ್ಬಮ್ಮಿನಲ್ಲಿ 14 ಹಾಡು, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ನಾಲ್ಕು ಕಾರ್ಡ್ ಗೊತ್ತಿದ್ರೆ ಯಾರು ಬೇಕಾದ್ರೂ ನುಡಿಸಬಹುದು. ಬೆಂಗಳೂರಿನಲ್ಲಿ ಮೆಟಲ್‌ನಷ್ಟು ಪಂಕ್ ಬೇರು ಬಿಡಲಿಲ್ಲ. ಸಿಇಟಿ ರ‍್ಯಾಂಕಿನ ಊರು ನೋಡಿ, ಸೋಲೋ ಎಷ್ಟು ಸ್ಪೀಡು ಅಂತ ಅದಕ್ಕೂ ಮಾರ್ಕ್ಸ್ ಹಾಕ್ತಾರೆ.

ಮೆಟಲ್ ಮಾತ್ರ ಇಲ್ಲಿ ಗಟ್ಟಿಯಾಯ್ತು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂತು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ, ಅದೂ ಗುರಗಾಂವ್ ಶೋ ರದ್ದಾಗಿ ಅಲ್ಲಿ ಗಲಾಟೆಯಾದ ಎರಡೇ ದಿನಕ್ಕೆ. ನಮ್ಮದೇ ಕ್ರಿಪ್ಟೋಸ್ 1998ರಲ್ಲಿ ಶುರುವಾಗಿ 2013ರಲ್ಲಿ ಜರ್ಮನಿಯ ವಾಕೆನ್ ವೇದಿಕೆ ಹತ್ತಿತು. ಅವರ 'ದಿ ಕಾಯಿಲ್ಸ್ ಆಫ್ ಅಪಾಲಿಯನ್' ಕೇಳಿಲ್ಲ ಅಂದ್ರೆ ಕೇಳಿ.

ಕ್ರಿಪ್ಟೋಸ್ ಹಾಡೋದು ಇಂಗ್ಲಿಷಿನಲ್ಲಿ, ಅದಕ್ಕೆ ನನ್ನ ತಕರಾರಿಲ್ಲ. ಕನ್ನಡ ರಾಕ್ ಅಂದ್ರೆ ಜನ ರಘು ದೀಕ್ಷಿತ್ ಹೆಸರು ಹೇಳ್ತಾರೆ. ಶರೀಫಜ್ಜನ ಪದ ಇರೋ ಆ 2008ರ ಆಲ್ಬಮ್ ನನಗೂ ಇಷ್ಟ, ಆದ್ರೆ ಅದರಲ್ಲಿರೋದು ಜಾತ್ರೆಯ ಖುಷಿ. ಬೇಸಿನ್ ಮುಂದೆ ಕೂತ ಬೆರಳುಗಳ ಕೋಪವನ್ನ ಕನ್ನಡದಲ್ಲಿ ಕೂಗಿ ಹೇಳಿದ ಆಲ್ಬಮ್ ನನ್ನ ಕಿವಿಗಿನ್ನೂ ಬಿದ್ದಿಲ್ಲ. ಶಿಡ್ಲಘಟ್ಟದಲ್ಲಿ ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳೂ ಬಂದಿವೆ. ಯಾರಾದ್ರೂ ಮಾಡೋದಿದ್ರೆ ಬೇಗ ಮಾಡಿ, ಚರಕದ ಸದ್ದು ರೆಕಾರ್ಡ್ ಮಾಡೋಕೆ ಮೈಕ್ ಹಿಡ್ಕೊಂಡು ನಾನೂ ಬರ್ತೀನಿ.