ಬ್ಯಾಟರಿಗೆ ಸುರಿದ ಪುಡಿ

1953ರ ಮಾರ್ಚ್ ತಿಂಗಳ ಕೊನೆಯ ವಾರ, ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಸಂಸ್ಥೆಯ ನಿರ್ದೇಶಕ ಅಲೆನ್ ಆಸ್ಟಿನ್ ಅವರಿಗೆ ರಾಜೀನಾಮೆ ಕೊಡುವಂತೆ ಸರ್ಕಾರದಿಂದ ಸೂಚನೆ ಬಂತು. ಆಸ್ಟಿನ್ ಭೌತವಿಜ್ಞಾನಿ. ಎರಡು ದಶಕಗಳಿಂದ ಅದೇ ಸಂಸ್ಥೆಯಲ್ಲಿ ದುಡಿದವರು. ಎರಡನೇ ಮಹಾಯುದ್ಧದಲ್ಲಿ, ಗುರಿಯ ಹತ್ತಿರ ಬಂದೊಡನೆ ತಾನಾಗಿಯೇ ಸಿಡಿಯುವ ಪ್ರಾಕ್ಸಿಮಿಟಿ ಫ್ಯೂಸ್ ಮೇಲೆ ಕೆಲಸ ಮಾಡಿದವರು. ಅವರ ಮೇಲೆ ಲಂಚದ ಆರೋಪ ಇರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಎಷ್ಟೋ ವಿಜ್ಞಾನಿಗಳ ಕೆಲಸ ಕಿತ್ತುಕೊಂಡ 'ಕಮ್ಯುನಿಸ್ಟ್' ಎಂಬ ಹಣೆಪಟ್ಟಿಯೂ ಇರಲಿಲ್ಲ. (ಅವರಿಗಿಂತ ಹಿಂದಿನ ನಿರ್ದೇಶಕ ಎಡ್ವರ್ಡ್ ಕಾಂಡನ್ ಅವರನ್ನು ಆ ಗುಮಾನಿ ವರ್ಷಗಟ್ಟಲೆ ಕಾಡಿತ್ತು.) ಆಸ್ಟಿನ್ ಅವರ ಕುರ್ಚಿಯನ್ನು ಅಲುಗಾಡಿಸಿದ್ದು ಕಾರು, ಟ್ರಕ್ಕುಗಳ ಬ್ಯಾಟರಿಯೊಳಗೆ ಸುರಿಯುವ ಒಂದು ಉಪ್ಪಿನ ಪುಡಿ.

ಈ ಪ್ರಕರಣವನ್ನು ಸಾಮಾನ್ಯವಾಗಿ ವಿಜ್ಞಾನಿ ಮತ್ತು ರಾಜಕಾರಣಿಯ ಜಗಳವಾಗಿ ಹೇಳಿ ಮುಗಿಸುವುದು ರೂಢಿ. ಬ್ಯಾಟರಿಯ ಬಗ್ಗೆ ಎರಡು ಸಾಲು ಬಂದರೆ ಹೆಚ್ಚು. ಆದರೆ ಬ್ಯಾಟರಿ ಹೇಗೆ ಸಾಯುತ್ತದೆ ಎನ್ನುವುದು ಗೊತ್ತಿಲ್ಲದೆ ಈ ಜಗಳ ಅರ್ಥವಾಗುವುದಿಲ್ಲ ಎಂದು ನನಗನ್ನಿಸುತ್ತದೆ. ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು 1859ರಲ್ಲಿ ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ. ಅದಕ್ಕೂ ಮೊದಲು, 1855ರಲ್ಲಿ, ಪ್ಯಾರಿಸ್ ಹತ್ತಿರ ಹಾರಲಾರದ ದೈತ್ಯ ಹಕ್ಕಿಯೊಂದರ ಪಳೆಯುಳಿಕೆ ಅವನಿಗೆ ಸಿಕ್ಕಿತ್ತು. ಆ ಹಕ್ಕಿಗೆ ಇಂದಿಗೂ ಅವನದೇ ಹೆಸರು, ಗ್ಯಾಸ್ಟಾರ್ನಿಸ್. ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಚಾಪೆಯ ಹಾಗೆ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ಕರೆಂಟು ಹಾಯಿಸಿದ. ಹಾಯಿಸಿದ ಕರೆಂಟಿನ ಒಂದಷ್ಟು ಪಾಲು ವಾಪಸು ಬಂತು. ಆದರೆ ಒಳ್ಳೆಯ ಡೈನಮೋಗಳು ಇನ್ನೂ ಬಂದಿರದ ಕಾಲ ಅದು. ಬೇರೆ ರಾಸಾಯನಿಕ ಕೋಶಗಳಿಂದಲೇ ಇದಕ್ಕೆ ಚಾರ್ಜ್ ಮಾಡಬೇಕಿತ್ತು. ಸೀಸದ ಹಾಳೆ ಹದಕ್ಕೆ ಬರುವವರೆಗೆ ಚಾರ್ಜ್ ಮಾಡುವುದು, ಖಾಲಿ ಮಾಡುವುದು, ಮತ್ತೆ ತಿರುಗಾಮುರುಗಾ ಚಾರ್ಜ್ ಮಾಡುವುದು, ಹೀಗೆ ತಿಂಗಳುಗಟ್ಟಲೆ ನಡೆಯುತ್ತಿತ್ತು. 1880ರ ಹೊತ್ತಿಗೆ ಅದೇ ದೇಶದ ಕಮೀಲ್ ಫೋರ್ ಸೀಸದ ಆಕ್ಸೈಡನ್ನು ಗೊಜ್ಜಿನಂತೆ ಕಲಸಿ ಹಾಳೆಗೆ ಮೆತ್ತುವ ಉಪಾಯ ಕಂಡುಕೊಂಡ. ತಿಂಗಳ ಕೆಲಸ ಗಂಟೆಗಳಿಗೆ ಇಳಿಯಿತು, ಕಾರ್ಖಾನೆಗಳು ಎದ್ದವು.

ಆದರೂ ಸಾಮಾನ್ಯ ಜನರ ಬದುಕಿನೊಳಕ್ಕೆ ಬ್ಯಾಟರಿ ಬಂದದ್ದು 1912ರ ನಂತರ. ಆ ವರ್ಷದ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಇತ್ತು. ಹ್ಯಾಂಡಲ್ ತಿರುಗಿಸಿ ಮಣಿಕಟ್ಟು ಮುರಿದುಕೊಳ್ಳುವ ಕಾಲ ಮುಗಿಯತೊಡಗಿತು. ಅದರ ಬೆನ್ನಿಗೇ ಬೆಳಗ್ಗೆ ಕೀಲಿ ತಿರುವಿದರೆ ಗಾಡಿ 'ಕಟ್' ಎಂದು ಸುಮ್ಮನಾಗುವ ಹೊಸ ದುಃಖವೂ ಶುರುವಾಯಿತು.

ಈಗ ಸಾವಿನ ವಿಷಯ. ಚಾರ್ಜ್ ತುಂಬಿದ ಬ್ಯಾಟರಿಯಲ್ಲಿ ಒಂದು ಬದಿಯ ಪ್ಲೇಟುಗಳ ಮೇಲೆ ಸೀಸದ ಡೈಆಕ್ಸೈಡ್, ಇನ್ನೊಂದು ಬದಿಯಲ್ಲಿ ಸ್ಪಂಜಿನಂಥ ಸೀಸ, ನಡುವೆ ಆಮ್ಲ ಇರುತ್ತವೆ. ಕರೆಂಟು ಬಳಸಿದಂತೆ ಎರಡೂ ಬದಿಗಳು ಸೀಸದ ಸಲ್ಫೇಟ್ ಆಗುತ್ತ ಹೋಗುತ್ತವೆ, ಆಮ್ಲ ನೀರಾಗುತ್ತದೆ. ಮೆಕ್ಯಾನಿಕ್ ಹೈಡ್ರೋಮೀಟರಿನಲ್ಲಿ ನೀರು ಹೀರಿ ನೋಡುವುದು ಇದನ್ನೇ: ತುಂಬಿದ್ದರೆ 1.26ರ ಆಸುಪಾಸು, ಖಾಲಿಯಾಗಿದ್ದರೆ 1.15ಕ್ಕೂ ಕೆಳಗೆ. ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಎಲ್ಲವೂ ಮೊದಲಿನಂತಾಗುತ್ತದೆ. ಆದರೆ ಖಾಲಿ ಬ್ಯಾಟರಿಯನ್ನು ಹಾಗೇ ಬಿಟ್ಟರೆ ನುಣ್ಣನೆಯ ಸಲ್ಫೇಟ್ ಹರಳುಗಳು ದಿನ ಕಳೆದಂತೆ ದಪ್ಪನಾಗಿ, ಗಟ್ಟಿಯಾಗಿ, ಚಾರ್ಜಿಗೆ ಬಗ್ಗದೆ ಕೂರುತ್ತವೆ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಟ್ರ್ಯಾಕ್ಟರನ್ನು ಕೊಟ್ಟಿಗೆಯ ಪಕ್ಕ ನಿಲ್ಲಿಸಿ ಮರೆತರೆ ಮುಂಗಾರಿನ ಹೊತ್ತಿಗೆ ಆಗಿರುವುದು ಇದೇ. ಅದಕ್ಕೇ ಕೆಲವರು ಅದನ್ನು ಯಾವಾಗಲೂ ಇಳಿಜಾರಿನಲ್ಲೇ ನಿಲ್ಲಿಸುತ್ತಾರೆ. ತಳ್ಳಿದರೆ ಸ್ಟಾರ್ಟ್ ಆಗಬೇಕಲ್ಲ.

ಬ್ಯಾಟರಿಗೆ ಬೇರೆ ಸಾವುಗಳೂ ಇವೆ. ಅತಿಯಾಗಿ ಚಾರ್ಜ್ ಮಾಡಿದರೆ ನೀರು ಗ್ಯಾಸಾಗಿ ಹಾರಿಹೋಗುತ್ತದೆ, ಪಾಸಿಟಿವ್ ಪ್ಲೇಟಿನ ಜಾಲರಿ ತುಕ್ಕು ಹಿಡಿದು ಪುಡಿಯಾಗುತ್ತದೆ. ಕುಲುಕಾಟಕ್ಕೆ ಮೆತ್ತಿದ ಗೊಜ್ಜು ಉದುರಿ ತಳದಲ್ಲಿ ಕೆಸರಾಗುತ್ತದೆ. ಸೆಖೆಯಲ್ಲಿ ಇದೆಲ್ಲ ಇನ್ನಷ್ಟು ಬೇಗ. ಇವಕ್ಕೆ ಮದ್ದಿಲ್ಲ. ಆದರೆ ಸಲ್ಫೇಟ್ ಕಟ್ಟಿದ ಬ್ಯಾಟರಿಗೆ, ಕಾಯಿಲೆ ತೀರ ಹಳೆಯದಲ್ಲದಿದ್ದರೆ, ಮದ್ದಿದೆ. ಕಡಿಮೆ ಕರೆಂಟಿನಲ್ಲಿ, ನಿಧಾನವಾಗಿ, ದಿನಗಟ್ಟಲೆ ಚಾರ್ಜ್ ಮಾಡಬೇಕು. ಅಷ್ಟೇ. ಅವಸರದ ಗ್ಯಾರೇಜಿನಲ್ಲಿ ಅಷ್ಟು ವ್ಯವಧಾನ ಯಾರಿಗಿದೆ? 'ಡೆಡ್ ಆಗಿದೆ, ಹೊಸದು ಹಾಕಿ' ಎನ್ನುವುದು ಸುಲಭ. ಹಾಗಾಗಿ ಸತ್ತಿವೆಯೆಂದು ಮೂಲೆಗೆ ಬಿದ್ದ ಬ್ಯಾಟರಿಗಳಲ್ಲಿ ಒಂದಷ್ಟು ನಿಜಕ್ಕೂ ಸತ್ತಿರುವುದಿಲ್ಲ. ಇದೊಂದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ನಿಂತಿರುವುದು ಇದರ ಮೇಲೆ.

ಬ್ಯಾಟರಿ ಮನೆಮನೆಗೆ ಬಂದಂತೆ ಅದಕ್ಕೆ ಆಯುಷ್ಯ ಕೊಡುವ ಪುಡಿ, ದ್ರಾವಣಗಳೂ ಮಾರುಕಟ್ಟೆಗೆ ಬಂದವು. ಬ್ಯೂರೋ ಅವನ್ನು ತರಿಸಿ ಪರೀಕ್ಷೆ ಮಾಡುತ್ತಿತ್ತು. ಯಾವುದರಿಂದಲೂ ಪ್ರಯೋಜನವಿಲ್ಲ ಎಂದು 1931ರಲ್ಲೇ ಸುತ್ತೋಲೆ ಹೊರಡಿಸಿತ್ತು. ಹೆಚ್ಚಿನ ಪುಡಿಗಳಲ್ಲಿ ಇರುತ್ತಿದ್ದದ್ದು ಮೆಗ್ನೀಸಿಯಮ್ ಸಲ್ಫೇಟ್ ಮತ್ತು ಸೋಡಿಯಂ ಸಲ್ಫೇಟ್, ಅಂದರೆ ಎಪ್ಸಮ್ ಸಾಲ್ಟ್ ಮತ್ತು ಗ್ಲಾಬರ್ ಸಾಲ್ಟ್. ಎರಡೂ ಹಿಂದಿನ ವೈದ್ಯರು ಹೊಟ್ಟೆ ಖಾಲಿ ಮಾಡಿಸಲು ಕೊಡುತ್ತಿದ್ದ ಭೇದಿಯ ಉಪ್ಪುಗಳು!

ಇಂಥ ಹತ್ತರಲ್ಲಿ ಹನ್ನೊಂದಾಗಿ ಬಂದದ್ದು ಎಡಿ-ಎಕ್ಸ್2. ಮಾರುತ್ತಿದ್ದವರು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನ ಜೆಸ್ ರಿಚೀ. ಹಿಂದೆ ಬುಲ್ಡೋಜರ್ ಓಡಿಸುತ್ತಿದ್ದ, ಗಟ್ಟಿ ದನಿಯ, ಸೋಲೊಪ್ಪದ ಮನುಷ್ಯ. ಅವರ ಜೊತೆಗಿದ್ದವರು ಮಾತ್ರ ಸಾಮಾನ್ಯರಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ ಮರ್ಲ್ ರಾಂಡಲ್. ಗಿಲ್ಬರ್ಟ್ ಲೂಯಿಸ್ ಜೊತೆ ಸೇರಿ 1923ರಲ್ಲಿ ಅವರು ಬರೆದ ಥರ್ಮೋಡೈನಮಿಕ್ಸ್ ಪುಸ್ತಕವನ್ನು ಒಂದು ಇಡೀ ತಲೆಮಾರು ಪಠ್ಯವಾಗಿ ಓದಿತ್ತು. ನಮ್ಮ ಪುಡಿಯಲ್ಲೂ ಅವೇ ಉಪ್ಪುಗಳಿರಬಹುದು, ಆದರೆ ಬೆರೆಸುವ ಕ್ರಮವೇ ಬೇರೆ, ಗುಟ್ಟಿರುವುದು ಅಲ್ಲಿ ಎಂಬುದು ರಿಚೀ ವಾದ.

ಬ್ಯೂರೋ ಒಪ್ಪಲಿಲ್ಲ. ರಿಚೀ ಬಿಡಲಿಲ್ಲ. ತೃಪ್ತ ಗಿರಾಕಿಗಳ ಪತ್ರಗಳು ಅವರ ಬಳಿ ರಾಶಿ ಇದ್ದವು; ಹತ್ತಾರು ಟ್ರಕ್ಕುಗಳ ಬ್ಯಾಟರಿ ನೋಡಿಕೊಳ್ಳುವ ಅನುಭವಿಗಳು ಬರೆದವು. ಅವನ್ನು ಹಿಡಿದು ಸೆನೆಟರುಗಳ ಬಾಗಿಲು ತಟ್ಟಿದರು. ದೊಡ್ಡ ಬ್ಯಾಟರಿ ಕಂಪನಿಗಳ ಪರವಾಗಿ ಸರ್ಕಾರಿ ವಿಜ್ಞಾನಿಗಳು ಸಣ್ಣ ವ್ಯಾಪಾರಿಯನ್ನು ತುಳಿಯುತ್ತಿದ್ದಾರೆ ಎಂಬ ಮಾತು ಯಾರಿಗೂ ನಾಟುವಂಥದ್ದು. ಬ್ಯಾಟರಿ ಹೆಚ್ಚು ದಿನ ಬಾಳಿದರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ಅದರಲ್ಲಿ ಅಡಗಿತ್ತಲ್ಲ. ಸೆನೆಟರುಗಳು ಬ್ಯೂರೋಗೆ ಪತ್ರ ಬರೆದು ವಿವರಣೆ ಕೇಳತೊಡಗಿದರು.

1952ರಲ್ಲಿ ಬ್ಯೂರೋ ಹೊಸದಾಗಿ ಪರೀಕ್ಷೆ ನಡೆಸಿತು. ಒಂದೇ ಸ್ಥಿತಿಯ ಬ್ಯಾಟರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪುಡಿ ಹಾಕಿ, ಇನ್ನೊಂದಕ್ಕೆ ಹಾಕದೆ, ಎರಡಕ್ಕೂ ಒಂದೇ ರೀತಿ ಚಾರ್ಜ್ ಮಾಡಿ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ತನ್ನ ಸೂಚನೆಯಂತೆ ಪರೀಕ್ಷೆ ನಡೆದಿಲ್ಲ ಎಂದು ರಿಚೀ ತಕರಾರು ತೆಗೆದರು. ಸೆನೆಟಿನ ಸಣ್ಣ ಉದ್ದಿಮೆಗಳ ಸಮಿತಿಯ ಕೋರಿಕೆಯ ಮೇಲೆ ಎಂಐಟಿ ಬೇರೊಂದು ಪರೀಕ್ಷೆ ಮಾಡಿತು. ಪುಡಿ ವ್ಯಾಪಾರಕ್ಕೆ ಯೋಗ್ಯವೋ ಅಲ್ಲವೋ ಎಂಬ ತೀರ್ಪನ್ನು ಎಂಐಟಿ ಕೊಡಲಿಲ್ಲ. ಸಮಿತಿಯವರು ಅದರ ಅಂಕಿಅಂಶಗಳಿಗೆ ರಿಚೀಗೆ ಅನುಕೂಲವಾಗುವ ವ್ಯಾಖ್ಯಾನವೊಂದನ್ನು ಅಂಟಿಸಿ ಪ್ರಕಟಿಸಿದರು. ಎರಡು ದೊಡ್ಡ ಪ್ರಯೋಗಾಲಯಗಳು ಎದುರುಬದುರಾಗಿವೆ ಎಂಬ ಸುದ್ದಿ ಹಬ್ಬಲು ಅಷ್ಟು ಸಾಕಾಯಿತು.

ರಿಚೀಯ ಗಿರಾಕಿಗಳು ಸುಳ್ಳು ಹೇಳುತ್ತಿರಲಿಲ್ಲ. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಪ್ರಕರಣದಲ್ಲಿ ನನ್ನನ್ನು ಹಿಡಿದಿಟ್ಟದ್ದು ಈ ಭಾಗವೇ. ಪುಡಿ ಕೊಂಡವನು ಮಾಡುತ್ತಿದ್ದದ್ದೇನು? ಮೂಲೆಗೆ ಬಿದ್ದ ಬ್ಯಾಟರಿಯನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಪುಡಿ ಸುರಿದು, ನೀರಿನ ಮಟ್ಟ ಸರಿ ಮಾಡಿ, ಹೇಳಿದ ಕ್ರಮದಂತೆ ನಿಧಾನವಾಗಿ ಚಾರ್ಜ್ ಮಾಡುತ್ತಿದ್ದ. ಬ್ಯಾಟರಿ ಏಳುತ್ತಿತ್ತು. ಪುಡಿ ಇಲ್ಲದೆಯೂ ಏಳುತ್ತಿತ್ತೋ ಏನೋ ಎಂದು ಅವನು ಕೇಳಿಕೊಳ್ಳಲಿಲ್ಲ. ಗಾಡಿ ಓಡಬೇಕಾದವನು ಯಾಕೆ ಕೇಳಿಕೊಂಡಾನು? ಪಕ್ಕದಲ್ಲಿ ಪುಡಿ ಹಾಕದ ಇನ್ನೊಂದು ಬ್ಯಾಟರಿ ಇಟ್ಟು ಅದಕ್ಕೂ ಅಷ್ಟೇ ಆರೈಕೆ ಮಾಡಲು ಅವನಿಗೇನು ದರ್ದು? ಹತ್ತು ವರ್ಷದ ಅನುಭವದ ಮೆಕ್ಯಾನಿಕ್ ಕೂಡ ಕಂಡದ್ದನ್ನೇ ಹೇಳಿದ. ಅವನು ಕಾಣದೆ ಹೋದದ್ದು ಆ ಎರಡನೇ ಬ್ಯಾಟರಿ. ರಿಚೀಯೂ ಮೋಸಗಾರರೆಂದು ನನಗೆ ತೋರುವುದಿಲ್ಲ. ಅವರಿಗೆ ತಮ್ಮ ಪುಡಿಯ ಮೇಲೆ ನಿಜವಾದ ನಂಬಿಕೆಯಿತ್ತು.

1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷರಾದರು. ಉದ್ಯಮಿ ಸಿಂಕ್ಲೇರ್ ವೀಕ್ಸ್ ವಾಣಿಜ್ಯ ಸಚಿವರಾದರು. ಬ್ಯೂರೋ ಇದ್ದದ್ದು ಅದೇ ವಾಣಿಜ್ಯ ಇಲಾಖೆಯ ಅಡಿಯಲ್ಲಿ. ಫೆಬ್ರವರಿಯಲ್ಲಿ ಅಂಚೆ ಇಲಾಖೆ, ಈ ಪುಡಿಯನ್ನು ಅಂಚೆಯ ಮೂಲಕ ಮಾರುವುದು ವಂಚನೆ ಎಂದು ಆದೇಶ ಹೊರಡಿಸಿತು. ವೀಕ್ಸ್ ಮಧ್ಯೆ ಪ್ರವೇಶಿಸಿ ಅದಕ್ಕೆ ತಡೆ ತಂದರು. ಮುಂದಿನ ತಿಂಗಳು ಆಸ್ಟಿನ್ ಅವರನ್ನು ಕರೆಸಿ ರಾಜೀನಾಮೆ ಕೇಳಿದವರು ಸಹಾಯಕ ಸಚಿವ ಕ್ರೇಗ್ ಶೀಫರ್, ಹೆಸರಾಂತ ಶೀಫರ್ ಪೆನ್ನು ಕಂಪನಿಯ ಮನೆತನದವರು. ಸೆನೆಟ್ ಸಮಿತಿಯ ಮುಂದೆ ವೀಕ್ಸ್ ಕೊಟ್ಟ ಕಾರಣ ಪ್ರಸಿದ್ಧವಾಗಿದೆ. ತಾನು ವಿಜ್ಞಾನಿಯಲ್ಲ, ವ್ಯವಹಾರ ಬಲ್ಲ ಮನುಷ್ಯ, ಬ್ಯೂರೋದವರು ಮಾರುಕಟ್ಟೆಯ ಆಟವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಹಾಗಾಗಿ ಅವರದು ನಿಷ್ಪಕ್ಷಪಾತ ಪರೀಕ್ಷೆಯಲ್ಲ ಎಂಬರ್ಥದಲ್ಲಿ ಅವರು ಮಾತಾಡಿದರು.

ಈ ಮಾತನ್ನು ಗೇಲಿ ಮಾಡುವುದು ಸುಲಭ. ಆದರೆ ದುಡ್ಡು ಕೊಟ್ಟವನು ಖುಷಿಯಾಗಿದ್ದರೆ ಅಡ್ಡ ಬರಲು ಸರ್ಕಾರ ಯಾರು ಎಂಬ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ತಪ್ಪಿದ್ದದ್ದು ಪ್ರಶ್ನೆ ಕೇಳಿದ್ದರಲ್ಲಲ್ಲ. ಅಳತೆ ಮಾಡಿದವನ ಕೆಲಸ ಕಿತ್ತು ಅದಕ್ಕೆ ಉತ್ತರ ಹುಡುಕಿದ್ದರಲ್ಲಿ. 1901ರಲ್ಲಿ ಹುಟ್ಟಿದ ಆ ಸಂಸ್ಥೆ ತೂಕ, ಅಳತೆ, ವೋಲ್ಟು, ಸಮಯ ಎಲ್ಲಕ್ಕೂ ಅಮೆರಿಕದ ಒರೆಗಲ್ಲು. ಸಚಿವರಿಗೆ ಬೇಡವಾದ ಫಲಿತಾಂಶ ಬಂದರೆ ನಿರ್ದೇಶಕ ಮನೆಗೆ ಹೋಗಬೇಕು ಎಂದಾದರೆ ನಾಳೆ ಆ ಅಳತೆಗಳನ್ನು ಯಾರು ನಂಬುತ್ತಾರೆ?

ಸುದ್ದಿ ಹೊರಬಿದ್ದೊಡನೆ ವಿಜ್ಞಾನಿಗಳ ಸಂಘಗಳು ಪ್ರತಿಭಟಿಸಿದವು, ಪತ್ರಿಕೆಗಳು ಸಚಿವರನ್ನು ತರಾಟೆಗೆ ತೆಗೆದುಕೊಂಡವು. ಬ್ಯೂರೋದ ಸುಮಾರು 400 ಮಂದಿ ತಾವೂ ಹೊರನಡೆಯುವುದಾಗಿ ಎಚ್ಚರಿಸಿದರು. ಏಪ್ರಿಲ್ ಮಧ್ಯದಲ್ಲಿ, ಆಸ್ಟಿನ್ ಅಧಿಕಾರ ಬಿಡಬೇಕಾಗಿದ್ದ ಹೊತ್ತಿಗೆ, ವೀಕ್ಸ್ ಹಿಂದೆ ಸರಿದು ಸದ್ಯಕ್ಕೆ ಮುಂದುವರಿಯಿರಿ ಎಂದರು. ಆಗಸ್ಟಿನಲ್ಲಿ ಆ 'ಸದ್ಯಕ್ಕೆ' ಹೋಯಿತು. ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ನೇಮಿಸಿದ, ಲೋಹವಿಜ್ಞಾನಿ ಝೇ ಜೆಫ್ರೀಸ್ ನೇತೃತ್ವದ ಸಮಿತಿ ಅದೇ ವರ್ಷದ ಕೊನೆಗೆ ವರದಿ ಕೊಟ್ಟಿತು: ಬ್ಯೂರೋದ ಕೆಲಸ ಉತ್ತಮ ಗುಣಮಟ್ಟದ್ದು, ಪುಡಿಯಲ್ಲಿ ಹುರುಳಿಲ್ಲ. ಶೀಫರ್ ಆ ವರ್ಷವೇ ಹುದ್ದೆ ಬಿಟ್ಟರು. ಆಸ್ಟಿನ್ 1969ರವರೆಗೆ ನಿರ್ದೇಶಕರಾಗಿದ್ದರು. (1964ರ 'ಆಡಮ್ಸ್ ಫ್ಯಾಮಿಲಿ' ಟಿವಿ ಧಾರಾವಾಹಿಯಲ್ಲಿ ಗೋಮೆಜ್ ಆಗಿ ನಗಿಸಿದ ಜಾನ್ ಆಸ್ಟಿನ್ ಇವರ ಮಗ.)

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಫೆಡರಲ್ ಟ್ರೇಡ್ ಕಮಿಷನ್ ರಿಚೀ ವಿರುದ್ಧ ಹೂಡಿದ್ದ ಸುಳ್ಳು ಜಾಹೀರಾತಿನ ದೂರು 1956ರಲ್ಲಿ ಬಿದ್ದುಹೋಯಿತು. ಸಾಕ್ಷಿ ಹೇಳಲು ಬಂದ ಬಳಕೆದಾರರು ಪುಡಿ ಕೆಲಸ ಮಾಡಿದೆ ಎಂದರು. ಆರೋಪ ಸಾಬೀತಾಗಿಲ್ಲ ಎಂದು ಆಯೋಗ ಪ್ರಕರಣ ಮುಗಿಸಿತು. ಪ್ರಯೋಗಾಲಯದಲ್ಲಿ ಸೋತ ಪುಡಿ ಹೀಗೆ ವಿಚಾರಣೆಯಲ್ಲಿ ಉಳಿದುಕೊಂಡಿತು. ರಿಚೀ ಮಾರಾಟ ಮುಂದುವರಿಸಿದರು.

1970ರ ದಶಕದಿಂದ ಕಾರುಗಳಿಗೆ ಮುಚ್ಚಳವೇ ಇಲ್ಲದ, ನೀರು ಹಾಕಬೇಕಿಲ್ಲದ ಬ್ಯಾಟರಿಗಳು ಬಂದವು. ಅವಕ್ಕೆ ಪುಡಿ ಸುರಿಯಲು ದಾರಿಯಿಲ್ಲ. ಆದರೆ ಟ್ರ್ಯಾಕ್ಟರು, ಲಾರಿ, ಮನೆಯ ಯುಪಿಎಸ್‌ಗಳಲ್ಲಿ ಮುಚ್ಚಳದ ಬ್ಯಾಟರಿಗಳು ಈಗಲೂ ಇವೆ. ಬಿಸಿನೀರಿನಲ್ಲಿ ಎಪ್ಸಮ್ ಸಾಲ್ಟ್ ಕದಡಿ ಹಾಕಿ ಸತ್ತ ಬ್ಯಾಟರಿಯನ್ನು ಎಬ್ಬಿಸುವ ವಿಡಿಯೋಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಈ ಲೇಖನ ಬರೆಯುವ ನೆಪದಲ್ಲಿ ಹಲವನ್ನು ನೋಡಿದೆ. ಕೊನೆಯಲ್ಲಿ ಬಲ್ಬು ಹೊತ್ತಿಕೊಳ್ಳುತ್ತದೆ, ನೋಡಿದವರು ಕೆಳಗೆ ಧನ್ಯವಾದ ಬರೆದಿರುತ್ತಾರೆ. ಪಕ್ಕದಲ್ಲಿ ಉಪ್ಪು ಹಾಕದ ಇನ್ನೊಂದು ಬ್ಯಾಟರಿ ಇಟ್ಟದ್ದನ್ನು ಮಾತ್ರ ಎಲ್ಲೂ ಕಾಣಲಿಲ್ಲ.