ಕಡೆದವರ ಹೆಸರು, ಓಡಿದವರ ಹೆಸರು

ವೇಣೂರಿಗೆ ಹೊರಗಿನ ಜನ ಮುಖ್ಯವಾಗಿ ಎರಡು ಕಾರಣಕ್ಕೆ ಬರುತ್ತಾರೆ. ಒಂದು, ಫಲ್ಗುಣಿ ನದಿಯ ದಡದಲ್ಲಿ ನಾನೂರು ವರ್ಷಗಳಿಂದ ನಿಂತಿರುವ ಗೊಮ್ಮಟನನ್ನು ನೋಡಲು. ಇನ್ನೊಂದು, ಪೆರ್ಮುಡದ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಕೋಣಗಳ ಓಟ ನೋಡಲು. ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ; 2000, 2012 ಮತ್ತು 2024ರಲ್ಲಿ ನಡೆದದ್ದು ನಮ್ಮ ತಲೆಮಾರಿನ ನೆನಪಿನಲ್ಲೇ ಇದೆ. ಕಂಬಳ ವರ್ಷಕ್ಕೊಮ್ಮೆ. ಎರಡೂ ಜಾತ್ರೆಯಂತೆಯೇ. ಕಡಲೆ, ಚರುಂಬುರಿ, ಐಸ್‌ಕ್ರೀಮು, ಮಕ್ಕಳ ಕೈಯಲ್ಲಿ ಪೀಪಿ, ರಸ್ತೆ ಬದಿಯಲ್ಲಿ ಸಾಲುಗಟ್ಟಿದ ಬೈಕುಗಳು. ಎರಡರಲ್ಲೂ ಜನ ನೋಡುವುದು ಮನುಷ್ಯನ ಮೈಯನ್ನು. ಒಂದು ಕಡೆ ಅಲುಗದೆ ನಿಂತ ಮೈ, ಇನ್ನೊಂದು ಕಡೆ ಕೆಸರಿನಲ್ಲಿ ಓಡುವ ಮೈ.

ಊರಿನವರು ಬಿಡುವಿನಲ್ಲಿ ಏನು ಮಾಡುತ್ತಿದ್ದರು, ಯಾವುದನ್ನು ನೋಡಿ ಸಂತೋಷಪಡುತ್ತಿದ್ದರು ಎಂಬುದು ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಪ್ರವಾಸ ಮಾಡಿದಾಗ ಬೆಳೆ, ಕಂದಾಯ, ಕೂಲಿ, ಜಾತಿ, ಬಸದಿ ಎಲ್ಲವನ್ನೂ ಬರೆದುಕೊಂಡ. ಕಂಪೆನಿ ಸರಕಾರಕ್ಕೆ ಬೇಕಾಗಿದ್ದದ್ದು ಅದೇ. ಗದ್ದೆಯಲ್ಲಿ ಎಷ್ಟು ಮುಡಿ ಅಕ್ಕಿ ಬೆಳೆಯುತ್ತದೆ ಎಂಬುದಕ್ಕೆ ಲೆಕ್ಕ ಬೇಕು. ಅದೇ ಗದ್ದೆಯಲ್ಲಿ ಕೊಯ್ಲಾದ ಮೇಲೆ ಜನ ಯಾಕೆ ಕೂಗುತ್ತಾರೆ ಎಂಬುದಕ್ಕೆ ಲೆಕ್ಕ ಬೇಡ. ಹಾಗಾಗಿ ಸಂತೋಷದ ಇತಿಹಾಸ ಬರೆಯಲು ಹೊರಟವರು ಬೇರೆ ಕಡೆ ಹುಡುಕಬೇಕಾಗುತ್ತದೆ. ಹುಡುಕಿದಾಗ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಒಂದೇ: ಈ ಸಂತೋಷ ಯಾರ ಮೈಯಿಂದ ಬಂತು, ಯಾರ ಹೆಸರಿನಲ್ಲಿ ಉಳಿಯಿತು?

ಮೊದಲು ಗೊಮ್ಮಟನನ್ನೇ ನೋಡೋಣ. ಸುಮಾರು 35 ಅಡಿ ಎತ್ತರದ ಈ ಮೂರ್ತಿಯನ್ನು ನಿಲ್ಲಿಸಿದ್ದು ಶಕವರ್ಷ 1525ರಲ್ಲಿ, ಅಂದರೆ ಕ್ರಿ.ಶ. 1604ರಲ್ಲಿ. ನಿಲ್ಲಿಸಿದವನು ಅಜಿಲ ಮನೆತನದ ತಿಮ್ಮರಾಜ. ಜನರ ಬಾಯಲ್ಲಿ ತಿಮ್ಮಣ್ಣ ಅಜಿಲ. ಶಾಸನ ಅವನನ್ನು ಚಾಮುಂಡರಾಯನ ವಂಶದವನೆಂದು ಕರೆಯುತ್ತದೆ. ಪಾಂಡ್ಯಕದೇವಿಯ ಮಗ, ರಾಯಕುವರನ ಅಳಿಯ ಎನ್ನುತ್ತದೆ. ಬೆಳಗೊಳದ ಚಾರುಕೀರ್ತಿ ಗುರುಗಳ ಅಪ್ಪಣೆಯಂತೆ ಇದನ್ನು ಮಾಡಿಸಿದ ಎನ್ನುತ್ತದೆ. ಅಳಿಯಕಟ್ಟಿನ ನಾಡಾದ್ದರಿಂದ ತಾಯಿಯ ಹೆಸರು, ಮಾವನ ಹೆಸರು ಇದ್ದೇ ಇರಬೇಕು. ಗುರುವಿನ ಹೆಸರೂ ಇರಬೇಕು. ಆದರೆ ಕಲ್ಲು ಕಡೆದವನ ಹೆಸರನ್ನು ಶಾಸನ ಹೇಳುವುದಿಲ್ಲ. ಮೂವತ್ತೈದು ಅಡಿಯ ಬಂಡೆಯಿಂದ ತುಟಿಯ ಅಂಚಿನ ಆ ನಗುವನ್ನು ಬಿಡಿಸಿ ತೆಗೆದ ಕೈ ಯಾರದು ಎಂಬುದು ಅರಮನೆಯ ದಾಖಲೆಗೆ ಬೇಡವಾಯಿತು.

ಆ ಹೆಸರು ಉಳಿದದ್ದು ಗದ್ದೆಯಲ್ಲಿ. ನೇಜಿ ನೆಡುವ ಹೆಂಗಸರು ಬಗ್ಗಿದ ಬೆನ್ನಿನಲ್ಲೇ ಹೇಳುತ್ತಿದ್ದ, ಕೋಲದ ಹೊತ್ತಿನಲ್ಲಿ ತೆಂಬರೆಯ ಸದ್ದಿನ ಜೊತೆ ಕೇಳಿಸುವ ಪಾಡ್ದನಗಳಲ್ಲಿ ಬೀರ ಕಲ್ಕುಡನ ಕತೆ ಇದೆ. ತಂದೆ ಶಂಭು ಕಲ್ಕುಡ ಬೆಳಗೊಳದಲ್ಲಿ ಕೆಲಸ ಮಾಡಿದವನು. ಮಗ ತಂದೆಯನ್ನು ಹುಡುಕಿಕೊಂಡು ಹೋಗುತ್ತಾನೆ, ತಂದೆಯ ಕೆಲಸದಲ್ಲಿ ಊನ ಕಾಣುತ್ತಾನೆ. ಅವಮಾನ ತಾಳದೆ ತಂದೆ ಜೀವ ಬಿಡುತ್ತಾನೆ. ಮಗ ಕಾರ್ಕಳಕ್ಕೆ ಬಂದು ಭೈರರಸನಿಗೆ ಗೊಮ್ಮಟನನ್ನು ಕಡೆದುಕೊಡುತ್ತಾನೆ. ಇಂಥ ಕೆಲಸ ಇನ್ನೊಂದು ಸೀಮೆಯಲ್ಲಿ ಆಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ಅಲ್ಲಿಂದ ವೇಣೂರಿಗೆ, ಅಜಿಲನ ಬಳಿಗೆ ಬರುತ್ತಾನೆ. ಉಳಿದ ಒಂದು ಕೈ, ಒಂದು ಕಾಲಿನಲ್ಲಿ ಇನ್ನೊಂದು ಗೊಮ್ಮಟನನ್ನು ಎಬ್ಬಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನ ಗತಿ ಕಂಡು ಸಿಡಿದೇಳುತ್ತಾಳೆ. ಇಬ್ಬರೂ ದೈವಗಳಾಗಿ ಕಾರ್ಕಳದ ಅರಸನನ್ನು ಕಾಡುತ್ತಾರೆ.

ಇಸವಿ ಹಿಡಿದು ನೋಡಿದರೆ ಈ ಕತೆ ನಿಲ್ಲುವುದಿಲ್ಲ. ಕಾರ್ಕಳದ ಗೊಮ್ಮಟ 1432ರದು, ವೇಣೂರಿನದು 1604ರದು. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲು ಸಾಧ್ಯವಿಲ್ಲ. ತಂದೆ ಬೆಳಗೊಳದಲ್ಲಿ ಎನ್ನುವುದಾದರೆ ಅಂತರ ಇನ್ನೂ ದೊಡ್ಡದು. ಅಲ್ಲಿನ ಮೂರ್ತಿ ಹತ್ತನೇ ಶತಮಾನದ್ದು. ಇದನ್ನು ತೋರಿಸಿ ಪಾಡ್ದನವನ್ನು ಪಕ್ಕಕ್ಕಿಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಪಾಡ್ದನ ಇಲ್ಲಿ ಇಸವಿಯನ್ನು ನೆನಪಿಟ್ಟುಕೊಂಡಿಲ್ಲ, ಸಂಬಂಧವನ್ನು ನೆನಪಿಟ್ಟುಕೊಂಡಿದೆ. ಆರುನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮೂರು ಊರುಗಳಲ್ಲಿ ಕಲ್ಲಿನ ಕೆಲಸ ಮಾಡಿದವರೆಲ್ಲರನ್ನೂ ಒಂದೇ ಮನೆಯ ತಂದೆ ಮಗ ಮಾಡಿ, ಮಾಡಿಸಿದವರಿಗೂ ಮಾಡಿದವರಿಗೂ ನಡುವೆ ಏನಿತ್ತು ಎಂಬುದನ್ನು ಹೇಳುತ್ತದೆ. ಶಾಸನದಲ್ಲಿ ಗೊಮ್ಮಟ ಅರಸನ ಪುಣ್ಯ. ಪಾಡ್ದನದಲ್ಲಿ ಅದು ಕೆಲಸಗಾರನ ಕೈ, ಕಾಲು. ಎರಡೂ ಒಂದೇ ಕಲ್ಲಿನ ಬಗ್ಗೆಯೇ ಮಾತಾಡುತ್ತವೆ.

ಇನ್ನೂ ಒಂದು ವಿಷಯ. ಇವತ್ತು ತುಳುನಾಡಿನ ಎಷ್ಟೋ ಮನೆಗಳಲ್ಲಿ ಕಲ್ಲುರ್ಟಿಯನ್ನು ನಂಬುತ್ತಾರೆ. ಬಂಟ್ವಾಳದ ಪಣೋಲಿಬೈಲಿಗೆ ಅಗೇಲು ಸೇವೆ ಕೊಡಲು ದೂರದೂರದಿಂದ ಜನ ಹೋಗುತ್ತಾರೆ. ಕಳೆದುಹೋದ ವಸ್ತು ಸಿಗಲಿ ಎಂದು, ಮಗುವಿನ ಜ್ವರ ಇಳಿಯಲಿ ಎಂದು ಆಕೆಯ ಹೆಸರು ಹೇಳುತ್ತಾರೆ. ಅಜಿಲರ ಹೆಸರು ಶಾಸನದಲ್ಲಿದೆ. ಕಲ್ಲುಕುಟಿಗನ ಮನೆಯ ಹೆಸರು ಮನೆಮನೆಯ ಒಳಗಿದೆ.

ಈಗ ಕಂಬಳಕ್ಕೆ ಬರೋಣ. ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ, ಮುಂದಿನ ಬಿತ್ತನೆಗೆ ಮೊದಲು ಗುತ್ತಿನ ಮನೆಯ ದೊಡ್ಡ ಗದ್ದೆಯಲ್ಲಿ ಕೋಣಗಳನ್ನು ಇಳಿಸುವುದು ಹಳೆಯ ಕ್ರಮ. ಪೂಕರೆ ನೆಡುವುದು, ದೈವಕ್ಕೆ ಹೇಳಿಕೊಳ್ಳುವುದು, ಊರಿನ ಕೋಣಗಳೆಲ್ಲ ಬಂದು ಗದ್ದೆ ಇಳಿಯುವುದು. ಅಲ್ಲಿ ಓಟಕ್ಕಿಂತ ಮನೆತನದ ಮರ್ಯಾದೆ ಮುಖ್ಯ. ಇವತ್ತು ನಾವು ನೋಡುವ ಜೋಡುಕರೆ ಕಂಬಳ ಹೊಸದು. ಬಜಗೋಳಿಯಲ್ಲಿ 1970ರ ಹೊತ್ತಿಗೆ ಶುರುವಾದ ಲವ-ಕುಶ ಜೋಡುಕರೆಯಿಂದ ಈ ರೂಪ ಹಬ್ಬಿತು. ಅದೇ ದಶಕದಲ್ಲಿ ಭೂಸುಧಾರಣೆ ಬಂತು. ಗುತ್ತಿನ ಮನೆಯ ಗದ್ದೆ ಒಕ್ಕಲಿನವರದಾಯಿತು, ಕಂಬಳ ಸಮಿತಿಯದಾಯಿತು. ಅಕ್ಕಪಕ್ಕ ಎರಡು ಕರೆ, ಒಂದು ತುದಿಯಲ್ಲಿ ಗಂತು, ಇನ್ನೊಂದು ತುದಿಯಲ್ಲಿ ಮಂಜೊಟ್ಟಿ, ಹೊನಲು ಬೆಳಕು, ಮೈಕು. ನೇಗಿಲು ಹಿರಿಯ, ನೇಗಿಲು ಕಿರಿಯ, ಹಗ್ಗ ಹಿರಿಯ, ಹಗ್ಗ ಕಿರಿಯ, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು. ಕನೆ ಹಲಗೆಯಲ್ಲಿ ವೇಗದ ಲೆಕ್ಕವಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಬೇಕು.

ಉಳುವುದು ಟಿಲ್ಲರಿನ ಕೆಲಸವಾದ ಮೇಲೂ ಕೋಣ ಸಾಕುವವರಿದ್ದಾರೆ. ಅದು ಹವ್ಯಾಸ, ಖರ್ಚಿನ ಹವ್ಯಾಸ. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ಹಚ್ಚಿ ಮೈ ತಿಕ್ಕುವುದು, ಕೆರೆಗೆ ಇಳಿಸಿ ಈಜಿಸುವುದು. ಮನೆಯವರಿಗೆ ಕೋಣದ ಹಟ್ಟಿ ಚಾವಡಿಯಷ್ಟೇ ಮುಖ್ಯ. ಈ ಅಕ್ಕರೆ ಸುಳ್ಳಲ್ಲ. ಕರೆಯಲ್ಲಿ ಬೀಳುವ ಬೆತ್ತದ ಏಟೂ ಸುಳ್ಳಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನೆರಳಿನಲ್ಲಿ 2016ರ ನವೆಂಬರಿನಲ್ಲಿ ಹೈಕೋರ್ಟು ಕಂಬಳವನ್ನು ತಡೆದದ್ದು, 2017ರ ಸುಗ್ರೀವಾಜ್ಞೆ, ಆಮೇಲಿನ ತಿದ್ದುಪಡಿ ಕಾಯಿದೆ, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿದದ್ದು, ಇವೆಲ್ಲ ಈ ಎರಡು ಸತ್ಯಗಳ ನಡುವಿನ ಎಳೆದಾಟವೇ.

ಆದರೆ ಕೋಣದ ನೋವಿನ ಬಗ್ಗೆ ನ್ಯಾಯಾಲಯದಲ್ಲಿ ವಾದ ನಡೆಯುವ ಎಷ್ಟೋ ಮೊದಲೇ, ಕಂಬಳದ ಗದ್ದೆಯಲ್ಲಿ ಮನುಷ್ಯರ ನೋವೊಂದಿತ್ತು. ಕಂಬಳದ ಹಿಂದಿನ ರಾತ್ರಿ ಕೊರಗರು ಚಳಿಯಲ್ಲಿ ಗದ್ದೆಯ ಬಳಿ ಕೂತು ಡೋಲು ಬಡಿಯುವ 'ಪನಿ ಕುಲ್ಲುನ' ಎಂಬ ಕ್ರಮವಿತ್ತು. ಕೋಣ ಇಳಿಯುವ ಮೊದಲು ಕೊರಗರನ್ನು ಗದ್ದೆಯಲ್ಲಿ ಓಡಿಸುವುದೂ ಇತ್ತು. ಕೋಣದ ಕಾಲಿಗೆ ತಾಗುವಂಥದ್ದು ಏನಾದರೂ ಇದ್ದರೆ ಮೊದಲು ಇವರ ಕಾಲಿಗೆ ತಾಗಲಿ ಎಂಬುದು ಅದರ ಅರ್ಥ. ಇದನ್ನು ಸಂಪ್ರದಾಯ ಎಂದು ಕರೆದರು, ಗೌರವ ಎಂದೂ ಕರೆದವರಿದ್ದಾರೆ. ಕೊರಗ ಸಮುದಾಯದವರೇ ಹೋರಾಡಿ, ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ 2000ದಲ್ಲಿ ಬಂತು. ಕಂಬಳದಲ್ಲಿ ಮೊದಲು ಓಡಿದವರು ಯಾರು ಎಂದು ಯಾರಾದರೂ ಕೇಳಿದರೆ ಉತ್ತರ ಅಲ್ಲಿಂದ ಶುರುವಾಗಬೇಕು. ಆ ಓಟಕ್ಕೆ ಗಡಿಯಾರವೂ ಇರಲಿಲ್ಲ, ಪದಕವೂ ಇರಲಿಲ್ಲ.

ಕಂಬಳದ ಫಲಿತಾಂಶದ ಪಟ್ಟಿಯನ್ನು ಗಮನವಿಟ್ಟು ಓದಿದರೆ ನನಗೆ ವೇಣೂರಿನ ಶಾಸನ ನೆನಪಾಗುತ್ತದೆ. ಮೊದಲು ಊರು ಮತ್ತು ಮನೆ, ಆಮೇಲೆ ಕೋಣಗಳ ಯಜಮಾನರ ಹೆಸರು, ಕೊನೆಗೆ 'ಓಡಿಸಿದವರು' ಎಂದು ಒಂದು ಸಾಲು. ಮಾಡಿಸಿದವರು ಮೊದಲು, ಮಾಡಿದವರು ಆಮೇಲೆ. ವ್ಯತ್ಯಾಸವೆಂದರೆ ಇಲ್ಲಿ ಆ ಕೊನೆಯ ಸಾಲು ಇದೆ. 1604ರಲ್ಲಿ ಅದಿರಲಿಲ್ಲ.

ಆ ಸಾಲು ಏಕಾಏಕಿ ಮೇಲಕ್ಕೆ ಬಂದದ್ದು 2020ರ ಫೆಬ್ರವರಿಯಲ್ಲಿ. ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡ 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು: 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಇಷ್ಟು ಸಾಕಾಯಿತು. ದೇಶದ ಪತ್ರಿಕೆಗಳು, ಟಿವಿ, ಕೇಂದ್ರ ಸಚಿವರು ಎಲ್ಲರೂ ಮಾತಾಡಿದರು. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ವೇಣೂರಿನ ಕರೆಯಲ್ಲೇ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು ಹದಿನಾಲ್ಕು ಸೆಕೆಂಡಿನ ಒಳಗೇ ಓಡಿ ಆ ಲೆಕ್ಕವನ್ನೂ ಹಿಂದಿಕ್ಕಿದರು.

ಈ ಲೆಕ್ಕದಲ್ಲಿ ತೊಡಕಿದೆ. ಬೋಲ್ಟ್ ಓಡಿದ್ದು ಒಬ್ಬನೇ, ನಿಂತಲ್ಲಿಂದ, ಗಟ್ಟಿ ಟ್ರ್ಯಾಕಿನ ಮೇಲೆ. ಕಂಬಳದಲ್ಲಿ ಓಡುವವರ ಕೈಯಲ್ಲಿ ಹಗ್ಗವೋ ನೇಗಿಲೋ ಇರುತ್ತದೆ, ಅದರ ಮುಂದೆ ಎರಡು ಕೋಣಗಳ ಬಲವಿರುತ್ತದೆ. ಕೆಸರು ಕಾಲನ್ನು ಹಿಡಿಯುತ್ತದೆ, ಕೋಣ ಮೈಯನ್ನು ಎಳೆಯುತ್ತದೆ. ಎರಡನ್ನೂ ತೂಗಿಸಿಕೊಂಡು ಬೀಳದೆ ಮಂಜೊಟ್ಟಿ ಮುಟ್ಟುವುದು ಬೇರೆಯೇ ವಿದ್ಯೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಸ್ವತಃ ಶ್ರೀನಿವಾಸ ಗೌಡರೇ. ಕಂಬಳ ಬೇರೆ, ಟ್ರ್ಯಾಕ್ ಬೇರೆ, ಈ ವೇಗದಲ್ಲಿ ಕೋಣಗಳ ಪಾಲು ದೊಡ್ಡದು ಎಂದರು. ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಹೋಗಲಿಲ್ಲ. ಕಟ್ಟಡ ಕೆಲಸ ಮಾಡಿಕೊಂಡಿದ್ದ ಮನುಷ್ಯ, ಜಗತ್ತೇ ಕೊಡಲು ಬಂದ ಹೋಲಿಕೆಯನ್ನು ಬೇಡವೆಂದದ್ದು ನನಗೆ ಆ ಸಂಖ್ಯೆಗಿಂತ ದೊಡ್ಡದಾಗಿ ಕಾಣುತ್ತದೆ. ತನ್ನ ಕೆಲಸ ಏನು, ಅದರಲ್ಲಿ ಯಾರ ಯಾರ ಪಾಲಿದೆ ಎಂಬುದು ಗೊತ್ತಿದ್ದವರು ಮಾತ್ರ ಹಾಗೆ ಹೇಳಬಲ್ಲರು.

ಹಾಗೆಂದು ಆ ಸಂಖ್ಯೆ ಬರೀ ಗದ್ದಲವಲ್ಲ. ಕೋಣಗಳ ಓಟವನ್ನು ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಅಳೆಯುವ ವ್ಯವಸ್ಥೆ ಬಂದದ್ದು ತೀರ್ಪಿನ ಜಗಳ ತಪ್ಪಿಸಲು. ಅದು ಅಳೆದದ್ದು ಕೋಣದ ಕಾಲನ್ನು. ಆದರೆ ಅದರ ಹಿಂದೆ ಓಡಿದ ಮನುಷ್ಯನಿಗೂ ಒಂದು ಅಂಕಿ ಸಿಕ್ಕಿತು, ಅಂಕಿಯ ಜೊತೆ ಹೆಸರು ಹೊರಗೆ ಬಂತು. 2011ರಲ್ಲಿ ಗುಣಪಾಲ ಕಡಂಬರು ಕಂಬಳ ಅಕಾಡೆಮಿಯ ಮೂಲಕ ಯುವಕರಿಗೆ ತರಬೇತಿ ಶುರು ಮಾಡಿದಾಗಲೇ ಓಡಿಸುವವನನ್ನು ಓಟಗಾರನೆಂದು ನೋಡುವ ದೃಷ್ಟಿ ಹುಟ್ಟಿತ್ತು. ಅಲ್ಲಿಯವರೆಗೆ ವ್ಯಾಯಾಮ ಎಂದರೆ ಗದ್ದೆ ಕೆಲಸವೇ.

ಮತ್ತೆ ಗೊಮ್ಮಟನ ಕತೆಗೆ ಹೋದರೆ, ಬಾಹುಬಲಿಯೂ ಸ್ಪರ್ಧೆಗಿಳಿದವನೇ. ಸೈನ್ಯಗಳು ಸಾಯುವುದು ಬೇಡವೆಂದು ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದ. ಮೂರರಲ್ಲೂ ಗೆದ್ದ. ಗೆದ್ದ ಮೇಲೆ ರಾಜ್ಯ ಬೇಡವೆಂದು ಬಿಟ್ಟು ನಿಂತ. ವೇಣೂರಿನಲ್ಲಿ ನಾವು ನೋಡುವುದು ಗೆಲುವಿನ ಆಚೆಗಿನ ಮೈ. ಅದರ ಎದುರು ನಿಂತು ಯಾರು ಮಾಡಿಸಿದರು ಎಂದು ಓದುತ್ತೇವೆ. ಯಾರು ಮಾಡಿದರು ಎಂದು ಪಾಡ್ದನ ಕೇಳಿ ತಿಳಿಯುತ್ತೇವೆ.

ಕಂಬಳದ ಮಟ್ಟಿಗೆ ನಮಗೆ ಇನ್ನೂ ಸಮಯವಿದೆ. ಹಳೆಯ ಕಂಬಳಗಳ ಆಮಂತ್ರಣ ಪತ್ರಿಕೆ, ಕರಪತ್ರ, ಬಹುಮಾನದ ಪಟ್ಟಿ, ಫೋಟೋ, ಕೈಯಲ್ಲಿ ಬರೆದ ಫಲಿತಾಂಶದ ಪುಸ್ತಕಗಳು ಈ ಸೀಮೆಯ ಅಟ್ಟಗಳಲ್ಲಿ, ಕಪಾಟಿನ ಮೂಲೆಗಳಲ್ಲಿ ಇವೆ. ಮನೆ ಕೆಡವಿ ಹೊಸತು ಕಟ್ಟುವಾಗ ಮೊದಲು ಒಲೆಗೆ ಹೋಗುವುದು ಇಂಥವೇ. ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ತೆಗೆದಿಡಿ. ಅಜ್ಜನೋ ಮಾವನೋ ಕೋಣ ಓಡಿಸಿದವರಾದರೆ ಯಾವ ಊರಿನಲ್ಲಿ, ಯಾರ ಕೋಣಗಳ ಹಿಂದೆ, ಎಷ್ಟು ಕೂಲಿಗೆ ಎಂದು ಕೇಳಿ ಬರೆದಿಡಿ. ಡೋಲು ಬಡಿದವರ ಮನೆಯವರು ಮಾತಾಡಲು ಒಪ್ಪಿದರೆ ಅದನ್ನೂ ಬರೆದಿಡಿ. ಒಂದು ಊರು ಹೇಗೆ ಸಂತೋಷವಾಗಿತ್ತು ಎಂಬುದನ್ನು ಮುಂದೆ ಬರೆಯುವವರಿಗೆ ಬೇಕಾಗುವುದು ಅದೇ.