ಹತ್ತಿ ಎಲೆಯ ಕೆಂಪು: ಬಿಸಿಲಿಗೆ ಹಿಡಿದ ಕೊಡೆ

ಹುಬ್ಬಳ್ಳಿಯಿಂದ ನವಲಗುಂದದ ದಾರಿ ಹಿಡಿದರೆ ಕುಸುಗಲ್ ಸಿಗುತ್ತದೆ. ಚಳಿ ಬಿದ್ದಿತೆಂದರೆ ಈ ಭಾಗದ ಎರೆಹೊಲಗಳಲ್ಲಿ ಹತ್ತಿಯ ಎಲೆಗಳು ಕೆಂಪಗಾಗತೊಡಗುತ್ತವೆ. ಕೆಂಪು ರೋಗ ಬಂತೆಂದು ರೈತ ಎಣ್ಣೆ ಹೊಡೆಯಲು ಸಜ್ಜಾಗುತ್ತಾನೆ. ಆದರೆ ಇದು ನಿಜಕ್ಕೂ ರೋಗವೇ?

ಉತ್ತರ ಹುಡುಕಲು ಇದೇ ಕುಸುಗಲ್ಲಿಗೆ ನೂರೆಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಧಾರವಾಡ ಸೀಮೆಯ ಜವಾರಿ ಹತ್ತಿಗೆ ಪೇಟೆಯಲ್ಲಿ 'ಕುಮಟಾ' ಎಂಬ ಹೆಸರಿತ್ತು. ಕುಮಟಾ ಬಂದರಿನ ಮೂಲಕ ಸಾಗುತ್ತಿದ್ದ ಆ ಹತ್ತಿಯ ಎಳೆ ಗಿಡ್ಡ. ಇಂಗ್ಲೆಂಡಿನ ಗಿರಣಿಗಳಿಗೆ ಬೇಕಾದುದು ಉದ್ದ ಎಳೆ. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಕರೆತಂದಿತು. ಅವರಲ್ಲೊಬ್ಬನಾದ ಮರ್ಸರ್ ಆ ದಶಕದಲ್ಲಿ ಕುಸುಗಲ್ಲಿನ ಪ್ರಯೋಗ ಹೊಲ ನೋಡಿಕೊಂಡ. ಧಾರವಾಡದ ಕಲೆಕ್ಟರ್ ಶಾ ಸಾಹೇಬನೂ ನ್ಯೂ ಆರ್ಲಿಯನ್ಸ್ ಬೀಜದ ಬೆನ್ನು ಹತ್ತಿದ. ದೇಶದ ಬಹುತೇಕ ಕಡೆ ಕೈಕೊಟ್ಟ ಈ ಬೀಜ ಇಲ್ಲಿ ನೆಲೆ ನಿಂತು 'ಧಾರವಾಡ-ಅಮೆರಿಕನ್' ಎನಿಸಿಕೊಂಡಿತು. 1861-65ರ ಅಮೆರಿಕದ ಅಂತರ್ಯುದ್ಧದ ವೇಳೆಗೆ ಅದಕ್ಕೆ ಬಂಗಾರದ ಬೆಲೆ ಬಂತು.

ಆದರೆ ಬಂದ ನೆಂಟನಿಗೆ ಇಲ್ಲಿನ ಋತುಮಾನ ಪೂರ್ತಿ ಒಗ್ಗಲಿಲ್ಲ. ಮಳೆಗಾಲದ ಕೊನೆಗೆ ಬಿತ್ತಿದ ಹತ್ತಿ ಕಾಯಿ ಕಟ್ಟುವುದು ಚಳಿಯಲ್ಲಿ. ಆಗ ಧಾರವಾಡದ ಹಗಲು ಹೇಗಿರುತ್ತದೆ? ಮೋಡವಿಲ್ಲದ ಆಕಾಶ, ಕಣ್ಣು ಕುಕ್ಕುವ ಬಿಸಿಲು. ರಾತ್ರಿ ಮಾತ್ರ ಕೊರೆಯುವ ಥಂಡಿ. ಗುಟ್ಟು ಇರುವುದೇ ಇಲ್ಲಿ.

ಎಲೆಯಲ್ಲಿನ ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ. ಹಿಡಿದ ಬೆಳಕಿನಿಂದ ಆಹಾರ ತಯಾರಿಸುವುದು ಮುಂದಿನ ರಾಸಾಯನಿಕ ಕ್ರಿಯೆಗಳ ಕೆಲಸ. ಚಳಿ ಹೆಚ್ಚಿದರೆ ಆ ಕ್ರಿಯೆಗಳು ಮಂದವಾಗುತ್ತವೆ. ಬೆಳಕು ಹಿಡಿಯುವುದು ಮಾತ್ರ ನಿಲ್ಲದು. ಒಲೆಯ ಉರಿ ಅಷ್ಟೇ ಇದ್ದು ಪಾತ್ರೆಯ ನೀರು ಕಡಿಮೆಯಾದಂತೆ! ಹೆಚ್ಚುವರಿ ಶಕ್ತಿ ಆಮ್ಲಜನಕಕ್ಕೆ ತಗುಲಿ, ಜೀವಕೋಶವನ್ನೇ ಸುಡುವ ಉಗ್ರ ರೂಪ ತಾಳುತ್ತದೆ. ಇದೇ ಹೊತ್ತಿಗೆ ಬಲಿಯುವ ಕಾಯಿಗಳು ಎಲೆಯಿಂದ ಸಾರಜನಕ, ಮೆಗ್ನೀಸಿಯಂ ಸೆಳೆದುಕೊಳ್ಳುತ್ತವೆ. ಮೆಗ್ನೀಸಿಯಂ ಇಲ್ಲದೆ ಪತ್ರಹರಿತ್ತೇ ಇಲ್ಲ. ಹಸಿರು ಕರಗುತ್ತದೆ, ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯ ತುಂಬುತ್ತದೆ. ಅದು ಬೆಳಕಿನ ಒಂದು ಭಾಗವನ್ನು ತಾನೇ ಹೀರಿ ಒಳಗಿನ ಪತ್ರಹರಿತ್ತಿಗೆ ಕೊಡೆಯಾಗುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ. ಹತ್ತಿಯ ಕಾಂಡವನ್ನು ಗಮನಿಸಿ: ಬಿಸಿಲು ಬೀಳುವ ಮಗ್ಗುಲು ಕೆಂಪು, ನೆರಳಿನ ಮಗ್ಗುಲು ಹಸಿರು.

ಹಿಂದಿನವರು ಇದನ್ನು 'ಕೆಂಪೆಲೆ ರೋಗ' ಎಂದೇ ಕರೆದರು. ಹೆಸರು ತಪ್ಪಿದರೂ ಅವರ ಕೆಲಸ ತಪ್ಪಲಿಲ್ಲ. ಧಾರವಾಡ-ಅಮೆರಿಕನ್‌ನಿಂದ ಆರಿಸಿದ ಗದಗ-1ನ್ನು ಕೊಯಮತ್ತೂರಿನ ಕಾಂಬೋಡಿಯಾ ಹತ್ತಿಯೊಡನೆ ಕೂಡಿಸಿ, ಕೆಂಪನ್ನು ತಾಳಿಕೊಳ್ಳುವ 'ಲಕ್ಷ್ಮಿ' ತಳಿಯನ್ನು ಪಡೆದರು. ಅದೇ ಲಕ್ಷ್ಮಿಯನ್ನು ತಾಯಿಯಾಗಿಸಿ ಬಿ.ಎಚ್. ಕಟರ್ಕಿ... ಎಂದು ಬರೆಯುವ ಮೊದಲೇ ಊರ ಹಿರಿಯರು 'ವರಲಕ್ಷ್ಮಿ' ಎಂದುಬಿಡುತ್ತಾರೆ. 1972ರಲ್ಲಿ ಧಾರವಾಡ ಕೊಟ್ಟ ಆ ಸಂಕರಣ ತಳಿ ಅಷ್ಟು ಪ್ರಸಿದ್ಧ.

2002ರಲ್ಲಿ ಬಿ.ಟಿ. ಹತ್ತಿ ಬಂದ ಮೇಲೆ ಕೆಂಪಿನ ದೂರು ಮತ್ತೆ ಜೋರಾಯಿತು. ಕಾಯಿಕೊರಕ ಕಡಿಮೆಯಾಗಿ ಗಿಡದ ತುಂಬ ಒಮ್ಮೆಲೇ ಕಾಯಿ ನಿಂತರೆ ಎಲೆ ಬೇಗ ಬರಿದಾಗುವುದು ಸಹಜ.

ಕೀಟನಾಶಕಕ್ಕೆ ಹಣ ಸುರಿಯುವ ಮುನ್ನ ಎಲೆ ಮಗುಚಿ ನೋಡುವುದು ಒಳ್ಳೆಯದು. ಜಿಗಿಹುಳು ರಸ ಹೀರಿದರೂ ಎಲೆಯ ಅಂಚು ಮುದುಡಿ ಕೆಂಪಾಗುತ್ತದೆ. ಆಗ ಔಷಧಿಗೆ ಅರ್ಥವಿದೆ. ಹುಳು ಕಾಣದಿದ್ದರೆ ಗಿಡ ಕೇಳುತ್ತಿರುವುದು ವಿಷವನ್ನಲ್ಲ, ಆಹಾರವನ್ನು. ಕಾಯಿ ಕಟ್ಟುವ ಹೊತ್ತಿಗೇ ಮೆಗ್ನೀಸಿಯಂ ಸಲ್ಫೇಟ್ ಸಿಂಪಡಿಸಬೇಕು. ಪೂರ್ತಿ ಕೆಂಪಾದ ಎಲೆಗೆ ಸಿಂಪಡಿಸಿ ಫಲವಿಲ್ಲ.